ಡಬ್ಬಿ ಕೊಯ್ಯುವ ಕೈ ಯಾರದು?

ಕಳೆದ ತಿಂಗಳು ನಮ್ಮವ್ವನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು. ಹದಿನೈದು ಕಿಲೋ ಎಣ್ಣೆ ಡಬ್ಬಿಯ ಬಾಯಿಯನ್ನು ಹಳೇ ಚಾಕು, ಸುತ್ತಿಗೆ ಹಿಡಿದು ಕೊಯ್ಯುತ್ತಿದ್ದಳು. ಚಾಕು ಜಾರಿತು, ತಗಡು ಬೆರಳಿಗೆ ಇಳಿಯಿತು. ಅರಿಶಿಣ ಮೆತ್ತಿಕೊಂಡು ಮತ್ತೆ ಕೆಲಸಕ್ಕೆ ಕುಳಿತವಳನ್ನು ಪಕ್ಕದ ಮನೆಯವರು ಗದರಿಸಿ ದವಾಖಾನೆಗೆ ಕರೆದೊಯ್ದರು. ನಾನು ಆ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂತು, ವಚನಕಾರ್ತಿಯರ ವೃತ್ತಿಪದಗಳ ಮೇಲೆ ನನ್ನ ಪಿಎಚ್.ಡಿ.ಯ ಮೂರನೇ ಅಧ್ಯಾಯ ಬರೆಯುತ್ತಿದ್ದೆ. ಕಾಯಕದ ಘನತೆಯ ಬಗ್ಗೆ ಎರಡು ಪುಟ ಬರೆದು ಮುಗಿಸಿದ್ದೆ. ಫೋನು ಬಂತು.

ಆಳಂದ ತಾಲ್ಲೂಕಿನ ಮಟಕಿ ನಮ್ಮೂರು. ಮನೆಯ ಮುಂದಿನ ಕೋಣೆಯಲ್ಲೇ ಅವ್ವ ಸಣ್ಣದೊಂದು ಖಾನಾವಳಿ ನಡೆಸುತ್ತಾಳೆ. ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ, ಬ್ಯಾಳಿ. ಎಣ್ಣೆ ಡಬ್ಬಿಯಿಂದ ಎಣ್ಣೆ ಸುರಿದುಕೊಳ್ಳಲು ಮೇಲೆ ಸಣ್ಣ ಮುಚ್ಚಳವಿರುತ್ತದೆ, ಅಷ್ಟಕ್ಕೆ ಚಾಕು ಬೇಕಿಲ್ಲ. ಆದರೆ ಖಾಲಿಯಾದ ಡಬ್ಬಿಯನ್ನು ನಮ್ಮ ಕಡೆ ಯಾರೂ ಬಿಸಾಡುವುದಿಲ್ಲ. ಮೇಲಿನ ತಗಡನ್ನು ಪೂರ್ತಿ ಕೊಯ್ದು, ಅಂಚು ಬಡಿದು ಮಡಿಸಿದರೆ ಹಿಟ್ಟಿಗೆ, ತೊಗರಿಬ್ಯಾಳಿಗೆ, ಜೋಳಕ್ಕೆ ಅದೇ ಡಬ್ಬಿ. ಇಲಿ ಕಡಿಯದ, ತೇವ ಹಿಡಿಯದ ಉಗ್ರಾಣ. ಆ ಬಾಯಿ ಕೊಯ್ಯುವ ಕೆಲಸಕ್ಕೆ ಅವ್ವನ ಹತ್ತಿರ ಒಂದು ಸಾಧನವಿತ್ತು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಎಷ್ಟೋ ವರ್ಷದ ಹಿಂದೆ ಕೊಂಡ ಟಿನ್ ಕಟರ್. ಕೊಕ್ಕಿನಂಥ ಮೂತಿ, ಕಟ್ಟಿಗೆಯ ಹಿಡಿಕೆ. ಅದರ ಕೊಕ್ಕು ಸವೆದು, ರಿವೆಟ್ಟು ಸಡಿಲಾಗಿ ವರ್ಷವಾಗಿತ್ತು. ಹೊಸದು ತರಬೇಕೆಂದು ಅವ್ವ ನನಗೆ ಎರಡು ಸಲ ಹೇಳಿದ್ದಳಂತೆ. ನನಗೆ ನೆನಪಿಲ್ಲ. ಈ ಲೇಖನದ ಮೊದಲ ಆರೋಪಿ ನಾನೇ.

ಎರಡನೇ ಆರೋಪ ನಮ್ಮ ಬರವಣಿಗೆಯ ಮೇಲೆ. ಕನ್ನಡದಲ್ಲಿ ಅಡುಗೆಮನೆಯ ಬಗ್ಗೆ ಬರುವ ಪ್ರಬಂಧಗಳನ್ನು ನಾವೆಲ್ಲ ಓದಿದ್ದೇವೆ, ಮೆಚ್ಚಿದ್ದೇವೆ. ಅಜ್ಜಿಯ ಒರಳುಕಲ್ಲು, ಬೀಸುವ ಕಲ್ಲು, ಈಳಿಗೆಮಣೆ, ಕಟ್ಟಿಗೆ ಒಲೆಯ ಹೊಗೆ. ಮಿಕ್ಸರ್ ಬಂದು ರುಚಿ ಹೋಯಿತು, ಗ್ಯಾಸ್ ಬಂದು ನಂಟು ಹೋಯಿತು ಎಂಬ ಹಳಹಳಿಕೆ. ಈ ಪ್ರಬಂಧಗಳಲ್ಲಿ ಅಜ್ಜಿಯ ಕೈರುಚಿ ಇದೆ, ಅಜ್ಜಿಯ ಕೈ ಇಲ್ಲ. ಬೀಸಿ ಬೀಸಿ ದಡ್ಡುಗಟ್ಟಿದ ಅಂಗೈ, ಹೊಗೆಗೆ ಹೋದ ಕಣ್ಣು, ಈಳಿಗೆಗೆ ಸಿಕ್ಕ ಬೆರಳು ಇವೆಲ್ಲ ಅಲ್ಲಿ ಬಂದರೂ ಅಲಂಕಾರವಾಗಿ ಬರುತ್ತವೆ. ಬೀಸುವ ಕಲ್ಲು ಹೋಯಿತೆಂದು ಅಳುವ ಎಷ್ಟು ಜನ ಲೇಖಕರು ಅದರ ಗೂಟ ಹಿಡಿದು ಬೆಳಗಿನ ನಾಲ್ಕಕ್ಕೆ ಕೂತಿದ್ದರು? ಹಳ್ಳಿಗೆ ಗಿರಣಿ ಬಂದ ದಿನ ನಮ್ಮ ಮುತ್ತಜ್ಜಿ ಗಿರಣಿಯ ಬಾಗಿಲಿಗೆ ಕಾಯಿ ಒಡೆದಳೆಂದು ಅವ್ವ ಹೇಳುತ್ತಾಳೆ. ಆ ಕಾಯಿಯ ಬಗ್ಗೆ ನಾನು ಒಂದೂ ಪ್ರಬಂಧ ಓದಿಲ್ಲ.

ವಚನಕಾರ್ತಿಯರು ಈ ತಪ್ಪು ಮಾಡಿರಲಿಲ್ಲ. ಕದಿರ ರೆಮ್ಮವ್ವೆಯ ಹೆಸರಿನಲ್ಲೇ ನೂಲುವ ಕದಿರಿದೆ. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿ ಭತ್ತ ಕುಟ್ಟುವ ಕೆಲಸವಿದೆ. ಆಯ್ದಕ್ಕಿ ಲಕ್ಕಮ್ಮನ ಹೆಸರಿನಲ್ಲಿ ಬಗ್ಗಿ ಅಕ್ಕಿ ಆಯುವ ಬೆನ್ನಿದೆ. ನಮ್ಮ ಆಳಂದದಿಂದ ಬಸವಕಲ್ಯಾಣ ದೂರವೇನಲ್ಲ. ಹನ್ನೆರಡನೇ ಶತಮಾನದ ಆ ಹೆಣ್ಣುಮಕ್ಕಳು ಉಪಕರಣವನ್ನೂ ಕೆಲಸವನ್ನೂ ಹೆಸರಿಗೇ ಕಟ್ಟಿಕೊಂಡರು. ಎಂಟು ಶತಮಾನ ದಾಟಿ ಬಂದ ನಾವು ಕಾಯಕ ಎಂಬ ಪದವನ್ನು ಉಳಿಸಿಕೊಂಡು ಕದಿರನ್ನು ಕೈಬಿಟ್ಟೆವು. ನನ್ನ ಮೂರನೇ ಅಧ್ಯಾಯದಲ್ಲೂ ಹಾಗೇ ಆಗಿತ್ತು. ಕದಿರು ಎಂದರೆ ಆತ್ಮದ ಸಂಕೇತ ಎಂದು ಬರೆದಿದ್ದೆ. ಆ ಕದಿರು ಯಾವ ಮರದ್ದು, ಎಷ್ಟು ತೂಕದ್ದು, ದಿನವಿಡೀ ತಿರುಗಿಸಿದರೆ ಯಾವ ಬೆರಳು ನೋಯುತ್ತದೆ ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ.

ಡಬ್ಬಿಯ ಚರಿತ್ರೆಯೂ ಇದೇ ಮರೆವಿನ ಕತೆ. ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಯಲ್ಲಿ ಆಹಾರ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1810ರಲ್ಲಿ. ಅಮೆರಿಕದ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವೆ 48 ವರ್ಷ. ಅಷ್ಟೂ ವರ್ಷ ಜನ ಏನು ಮಾಡಿದರು? ಉಳಿ, ಸುತ್ತಿಗೆ ಹಿಡಿದರು. ಸೈನಿಕರು ಬಂದೂಕಿನ ಸನೀನಿನಿಂದ ಚುಚ್ಚಿದರು. ಗಾಲಿ ತಿರುಗಿಸಿ ಕೊಯ್ಯುವ ಸಾಧನ 1870ರಲ್ಲಿ ವಿಲಿಯಂ ಲೈಮನ್‌ನಿಂದ ಬಂತು. ಡಬ್ಬಿಯ ಅಂಚನ್ನು ಕಚ್ಚಿ ಹಿಡಿಯುವ ಹಲ್ಲಿನ ಗಾಲಿ ಅದಕ್ಕೆ ಸೇರಿದ್ದು 1925ರಲ್ಲಿ. ಮುಚ್ಚುವುದು ಕಾರ್ಖಾನೆಯ ಕೆಲಸ, ಅದರಲ್ಲಿ ಲಾಭವಿತ್ತು, ಹಾಗಾಗಿ ಅದು ಮೊದಲೇ ಬಂತು. ತೆರೆಯುವುದು ಮನೆಯ ಕೆಲಸ, ಅದು ಅರ್ಧ ಶತಮಾನ ಕಾಯಿತು. ಮಟಕಿಯಲ್ಲಿ ಅದು ಇನ್ನೂ ಕಾಯುತ್ತಿದೆ ಎಂಬುದಕ್ಕೆ ಅವ್ವನ ಹೆಬ್ಬೆರಳು ಸಾಕ್ಷಿ.

ಹೊಲಿಗೆ ಬಿದ್ದ ವಾರವೇ ನಾನು ಪಶ್ಚಾತ್ತಾಪದ ಭರದಲ್ಲಿ ಹೊಳೆಯುವ ಗಾಲಿಯ ಓಪನರ್ ಒಂದನ್ನು ತರಿಸಿದೆ. ಮೆತ್ತನೆಯ ರಬ್ಬರಿನ ಹಿಡಿಕೆ, ತಿರುಗಿಸಲು ಚಿಟ್ಟೆಯ ಆಕಾರದ ಕೀಲಿ. ಬೆಲೆ ಅವ್ವನ ಒಂದು ದಿನದ ಗಳಿಕೆಗೆ ಹತ್ತಿರ. ಅವ್ವ ಅದನ್ನು ಹಿಡಿದು ಡಬ್ಬಿಗೆ ಸಿಕ್ಕಿಸಿದಳು. ನಾಲ್ಕು ಬೆರಳಿನಷ್ಟು ಕೊಯ್ಯಿತು. ಮೂಲೆ ಬಂದ ಕೂಡಲೇ ನಿಂತಿತು. ಅದು ದುಂಡನೆಯ ಡಬ್ಬಿಗೆಂದು ಮಾಡಿದ್ದು, ನಮ್ಮದು ಚೌಕ ಡಬ್ಬಿ.

ಅಷ್ಟೇ ಆಗಿದ್ದರೆ ಅಂಗಡಿಯವರನ್ನು ಬೈದು ಸುಮ್ಮನಾಗಬಹುದಿತ್ತು. ಅವ್ವ ಅದನ್ನು ಎಡಗೈಯಲ್ಲಿ ತಿರುಗಿಸಲು ಹೆಣಗುತ್ತಿದ್ದಳು. ಆಗ ನನಗೆ ಹೊಳೆಯಿತು, ನಮ್ಮವ್ವ ಎಡಚಿ. ಇಪ್ಪತ್ತೆಂಟು ವರ್ಷ ಅವಳ ಕೈಯಿಂದ ಉಂಡವನಿಗೆ ಅದು ಗೊತ್ತಿಲ್ಲ ಎನ್ನಲಾರೆ, ಗೊತ್ತಿತ್ತು. ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಓಪನರನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಕೀಲಿ ತಿರುಗಿಸಬೇಕು. ಬಲಗೈಯವರ ಲೋಕ ಬಲಗೈಯವರಿಗಾಗಿ ಮಾಡಿದ ವಸ್ತು. ಸಣ್ಣವಳಿದ್ದಾಗ ಎಡಗೈಯಲ್ಲಿ ಊಟಕ್ಕೆ ಕೈಯಿಟ್ಟರೆ ಬರೆ ಎಳೆಯುತ್ತೇನೆಂದು ಹೆದರಿಸಿದ್ದರಂತೆ. ಊಟ ಬಲಕ್ಕೆ ಬಂತು, ಕೆಲಸ ಎಡಕ್ಕೇ ಉಳಿಯಿತು. ಎಡ ಎಂಬ ಮಾತಿಗೆ ನಮ್ಮ ಸಮಾಜ ಎಷ್ಟೆಲ್ಲ ಕೀಳು ಅರ್ಥ ಹೊರಿಸಿದೆ ಎಂದು ಇಲ್ಲಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

“ಚಾಕು ಸುತಗಿ ಇದ್ರ ಸಾಕಲ್ಲ ತಮ್ಮಾ, ಈಟ್ ದಿನ ಇದ್ರಾಗೇ ನಡದದ” ಅಂದಳು ಅವ್ವ. ಹಳಹಳಿಕೆಯ ಪ್ರಬಂಧಕಾರರು ಇಂಥ ಮಾತನ್ನೇ ಹಿಡಿದು ‘ಹಳ್ಳಿಯ ಹೆಣ್ಣಿನ ಸರಳತೆ’ ಎನ್ನುತ್ತಾರೆ. ಅದು ಸರಳತೆಯಲ್ಲ. ಕೇಳಿ ಕೇಳಿ ಸಾಕಾದವಳ ಮಾತು.

ಮುಂದಿನ ರವಿವಾರ ಒಂದು ಖಾಲಿ ಡಬ್ಬಿ ಹೊತ್ತುಕೊಂಡು ಇಬ್ಬರೂ ಕಲಬುರಗಿಗೆ ಹೋದೆವು. ಬಸ್ಸಿನಲ್ಲಿ ಜನ ನಕ್ಕರು. ಸೂಪರ್ ಮಾರ್ಕೆಟ್ಟಿನ ಭಾಂಡೆ ಅಂಗಡಿಯಲ್ಲಿ ಡಬ್ಬಿ ಇಟ್ಟು, “ಇದರ ಮ್ಯಾಲೇ ಕೊಯ್ದು ನೋಡಿ ತಗೋತೀವ್ರಿ” ಅಂದೆ. ಅಂಗಡಿಯವರು ಮೊದಲು ಸಿಡುಕಿದರು, ಆಮೇಲೆ ಅವರಿಗೂ ಕುತೂಹಲ ಬಂತು. ಒಂದೊಂದಾಗಿ ಮೂರು ತೆಗೆದುಕೊಟ್ಟರು. ಮೊದಲನೆಯದರ ಕೊಕ್ಕು ಎರಡು ಒತ್ತಿಗೇ ಬಾಗಿತು. ಹೊಳಪಿದ್ದರೂ ಹದ ಹಾಕಿದ ಉಕ್ಕಲ್ಲ. ಎರಡನೆಯದರ ಕೊಕ್ಕು ಗಟ್ಟಿ, ಆದರೆ ಡಬ್ಬಿಯ ಅಂಚಿಗೆ ಆನಿಸುವ ಕಚ್ಚು ಒಂದೇ ಮಗ್ಗುಲಿಗಿತ್ತು, ಅವ್ವನ ಕೈಗೆ ಉಲ್ಟಾ. ಮೂರನೆಯದು ದಪ್ಪ ಉಕ್ಕಿನ ಪಟ್ಟಿಯದು, ಕಚ್ಚು ಎರಡೂ ಮಗ್ಗುಲಿಗೆ. ಗಾಲಿಯಿಲ್ಲ, ಕೀಲಿಯಿಲ್ಲ. ಅವ್ವ ಎಡಗೈಯಲ್ಲಿ ಹಿಡಿದು ಕುಕ್ಕಿ, ಅಂಚಿಗೆ ಆನಿಸಿ ಮೇಲೆತ್ತಿದಳು. ತಗಡು ಬಿಟ್ಟುಕೊಟ್ಟಿತು. ಮೂಲೆಯಲ್ಲೂ ತಿರುಗಿತು. ಬೆಲೆ ಅರವತ್ತು ರೂಪಾಯಿ. ಸವೆದರೆ ಊರಿನ ಕಂಬಾರರು ಮಸೆದುಕೊಡಬಲ್ಲರು.

ಈ ಸಾಧನ ಅಂಚನ್ನು ನುಣ್ಣಗೆ ಬಿಡುವುದಿಲ್ಲ, ಗರಗಸದಂತೆ ಬಿಡುತ್ತದೆ. ಅದನ್ನು ಇಕ್ಕಳದಿಂದ ಒಳಗೆ ಮಡಿಸಿ ಬಡಿಯಲೇಬೇಕು. ಹಾಗಾಗಿ ಜತೆಗೆ ದಪ್ಪ ಕೈಗವಸು ಒಂದನ್ನೂ ಕೊಂಡೆವು. ದುಂಡನೆಯ ಸಣ್ಣ ಡಬ್ಬಿ ತೆರೆಯುವವರಿಗೆ ಗಾಲಿಯದೇ ಒಳ್ಳೆಯದು. ಬೆರಳ ಸಂದು ನೋಯುವ ಹಿರಿಯರಿಗೆ ಉದ್ದ ಕೀಲಿಯದು ಬೇಕಾಗಬಹುದು. ಎಲ್ಲರಿಗೂ ಒಂದೇ ಸಾಧನ ಎಂದು ನಾನು ವಾದಿಸುತ್ತಿಲ್ಲ. ಯಾವ ಡಬ್ಬಿ, ಯಾವ ಕೈ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಈ ಮೂರನ್ನು ಕೇಳದೆ ಕೊಂಡ ಸಾಧನ ಎಷ್ಟು ದುಬಾರಿಯಾದರೂ ಕಸ ಎಂದಷ್ಟೇ ನನ್ನ ವಾದ.

ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, “ಅರವತ್ತು ರೂಪಾಯಿಯ ತಗಡಿನ ತುಂಡಿಗೆ ಇಷ್ಟು ಗದ್ದಲವೇ? ದೊಡ್ಡ ಪ್ರಶ್ನೆಗಳಿಲ್ಲವೇ ಬರೆಯಲು?” ಎಂದ. ಇವೆ. ಆದರೆ ಆತ ತನ್ನ ಫೋನು ಕೊಳ್ಳುವ ಮುಂಚೆ ಎರಡು ವಾರ ವಿಡಿಯೋ ನೋಡಿದ್ದನ್ನು ನಾನು ಬಲ್ಲೆ. ತನ್ನ ಕೈಯ ವಸ್ತುವಿಗೆ ಎರಡು ವಾರ, ತಾಯಿಯ ಕೈಯ ವಸ್ತುವಿಗೆ ಎರಡು ನಿಮಿಷ. ಈ ಲೆಕ್ಕ ದೊಡ್ಡ ಪ್ರಶ್ನೆಯಲ್ಲವಾದರೆ ಯಾವುದು ದೊಡ್ಡದು? ಇನ್ನೊಬ್ಬರು, ಹಿರಿಯರು, ಇದು ಕೊಳ್ಳುಬಾಕತನಕ್ಕೆ ಸಮರ್ಥನೆ ಎಂದರು. ಅವರ ಆತಂಕ ಸುಳ್ಳಲ್ಲ. ನಾನು ಮೊದಲು ತರಿಸಿದ ಓಪನರ್ ಇನ್ನೂ ನಮ್ಮನೆ ಗೂಡಿನಲ್ಲಿ ಹೊಳೆಯುತ್ತ ಬಿದ್ದಿದೆ. ಆದರೆ ಬೇಡದ್ದನ್ನು ಕೊಳ್ಳುವುದಕ್ಕೆ ಪರಿಹಾರ ಬೇಕಾದ್ದನ್ನೂ ಕೊಡದಿರುವುದಲ್ಲ. ಮನೆಯಲ್ಲಿ ಅಪರಿಗ್ರಹದ ವ್ರತ ಶುರುವಾಗುವುದು ಯಾವಾಗಲೂ ಅಡುಗೆಕೋಣೆಯಿಂದಲೇ ಏಕೆ?

ನನ್ನ ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಸಂಕೇತಕ್ಕೆ ಹೋಗುವ ಮುಂಚೆ ಕದಿರನ್ನು ಕದಿರಾಗಿ ನೋಡಲು, ನೂಲುವವರನ್ನು ಹುಡುಕಿ ಮಾತಾಡಿಸಲು ಹೊರಟಿದ್ದೇನೆ. ಮಾರ್ಗದರ್ಶಕರು ಇದರಿಂದ ತಡವಾಗುತ್ತದೆ ಎಂದಿದ್ದಾರೆ, ಆಗಲಿ.

ಈ ಪತ್ರಿಕೆ ಓದುವ ವಿದ್ಯಾರ್ಥಿ ಗೆಳೆಯರೇ, ಹಾಸ್ಟೆಲಿನಿಂದ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯ ಈಳಿಗೆ, ಇಕ್ಕಳ, ಕುಕ್ಕರಿನ ಹಿಡಿಕೆ, ಹಂಚು ಒಂದೊಂದನ್ನೂ ನೀವೇ ಹಿಡಿದು ಅರ್ಧ ಗಂಟೆ ಕೆಲಸ ಮಾಡಿ. ಆಮೇಲೆ ಅಲ್ಲಿ ದಿನಾ ದುಡಿಯುವವರನ್ನು ಯಾವುದು ಕೆಟ್ಟಿದೆ ಎಂದು ಕೇಳಿ. ಏನೂ ಬೇಡ, ನಡೀತದ ಅನ್ನುತ್ತಾರೆ. ಎರಡನೇ ಸಲ ಕೇಳಿ. ಅವರು ನಮಗೆ ಎರಡು ಸಲ ಹೇಳಿರುತ್ತಾರೆ.