ಅಳಿವೆಯ ತೂಬೂ ನೀರುಗಂಟಿಯೂ

ಮಳೆಗಾಲದಲ್ಲಿ ಹೊಳೆಯು ದಡಮೀರಿ ಹರಿಯುವುದನ್ನು ಕಂಡಾಗಲೆಲ್ಲ “ಇಷ್ಟು ನೀರೂ ಸಮುದ್ರದ ಪಾಲಾಗಿ ವ್ಯರ್ಥವಾಯಿತಲ್ಲ” ಎಂದು ನಿಟ್ಟುಸಿರು ಬಿಡುವುದು ನಮ್ಮ ಒಳನಾಡಿನ ರೈತರಲ್ಲಿ ವಾಡಿಕೆಯಾಗಿರುತ್ತದೆ. ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿಯ ಕಡೆಯಲ್ಲಿ ಹೊಗೆಸೊಪ್ಪನ್ನೂ ರಾಗಿಯನ್ನೂ ನೆಚ್ಚಿಕೊಂಡು, ಕೆರೆಯ ಅಚ್ಚುಕಟ್ಟಿನಲ್ಲಿರುವ ತುಂಡು ಗದ್ದೆಗೆ ಕೊನೆಯ ಎರಡು ಕಟ್ಟು ನೀರು ಸಿಕ್ಕೀತೋ ಇಲ್ಲವೋ ಎಂದು ಕಾಯುವವನು ಈ ಮಾತನ್ನಾಡಿದರೆ ಅವನನ್ನು ಆಕ್ಷೇಪಿಸುವುದು ಯಾರಿಗೂ ತರವಲ್ಲ. ಆದರೆ ಈ ಮಾತು ರೈತನ ಬಾಯಿಂದ ಹೊರಟು ಕಚೇರಿಗಳನ್ನು ಸೇರಿ, ಅಲ್ಲಿ ಯೋಜನೆಗಳ ಪೀಠಿಕೆಯಾದಾಗ, ಅದು ನಿಜವೇ ಎಂದು ಒಮ್ಮೆ ಪರೀಕ್ಷಿಸತಕ್ಕದ್ದು ಅವಶ್ಯವಾಗುತ್ತದೆ. ನದಿಯು ಸಮುದ್ರವನ್ನು ಸೇರುವ ಸ್ಥಳದಲ್ಲಿಯೂ ನಮ್ಮಂತೆಯೇ ನೆಲವನ್ನು ನಂಬಿದ ವ್ಯವಸಾಯಗಾರರು ಇದ್ದಾರೆ. ಆ ನೀರು ಅವರ ಪಾಲಿಗೆ ವ್ಯರ್ಥವಲ್ಲ.

ಹಾರನಹಳ್ಳಿಯ ರೈತನಿಗೆ ಇದನ್ನು ತಿಳಿಸುವುದಕ್ಕೆ ದೂರದ ದೃಷ್ಟಾಂತವು ಬೇಕಿಲ್ಲ. ಹಳೆಯ ಮೈಸೂರಿನ ಕೆರೆಗಳಿಗೆ ನೀರುಗಂಟಿಯೆಂಬವನಿದ್ದನಷ್ಟೆ. ಕೆರೆಯ ನೀರು ಊರಿನದು, ಗದ್ದೆ ಒಬ್ಬೊಬ್ಬನದು. ಆದರೆ ತೂಬನ್ನು ಎತ್ತುವ ಕೈ ಮಾತ್ರ ಒಂದೇ. ಯಾವ ಗದ್ದೆಗೆ ಎಂದು, ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಆತನಿಗೆ ಗೊತ್ತಿತ್ತು. ಅವನ ಕೂಲಿಯು ಸುಗ್ಗಿಯಲ್ಲಿ ಕಣದ ಧಾನ್ಯವಾಗಿ ಸಲ್ಲುತ್ತಿದ್ದುದರಿಂದ, ಬೆಳೆಯು ಕೆಟ್ಟರೆ ಅವನ ಪಾಲೂ ಕೆಡುತ್ತಿತ್ತು. ೧೯೬೧ನೆಯ ಇಸವಿಯ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನಿನಿಂದ ವಂಶಪಾರಂಪರ್ಯದ ಈ ಉದ್ಯೋಗಗಳು ನಿಂತುಹೋದುದು ನ್ಯಾಯವೇ ಸರಿ. ಯಾವ ಮನುಷ್ಯನೂ ಹುಟ್ಟಿದ ಮಾತ್ರಕ್ಕೆ ಊರಿನ ಆಳಾಗಬೇಕಾಗಿಲ್ಲ. ಆದರೆ ಹುದ್ದೆಯು ಹೋದಾಗ ಆ ಕೆಲಸಕ್ಕೆ ಇನ್ನೊಂದು ಏರ್ಪಾಡು ಎಲ್ಲ ಊರುಗಳಲ್ಲಿಯೂ ಆಗಲಿಲ್ಲ. ತೂಬಿಗೆ ಯಜಮಾನನಿಲ್ಲದ ಕೆರೆಯ ಗತಿಯೇನೆಂಬುದನ್ನು ವಾಚಕರು ತಮ್ಮ ತಮ್ಮ ಊರಿನಲ್ಲಿಯೇ ನೋಡಬಹುದು.

ಈಗ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಬರೋಣ. ಶಿರಸಿಯ ಸಮೀಪದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು ೧೨೦ ಕಿಲೋಮೀಟರುಗಳಷ್ಟು ಹರಿದು ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಅಘನಾಶಿನಿ ನದಿಗೆ ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟು ಇರುವುದಿಲ್ಲ. ಈ ನದಿಯ ಅಳಿವೆಯನ್ನು, ಎಂದರೆ ಸಿಹಿನೀರೂ ಉಪ್ಪುನೀರೂ ಕೂಡುವ ೪,೮೦೧ ಹೆಕ್ಟೇರು ಪ್ರದೇಶವನ್ನು, ೨೦೨೪ನೆಯ ಇಸವಿ ಜನವರಿ ತಿಂಗಳಿನಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿಸಲಾಯಿತು. ಇರಾನ್ ದೇಶದ ರಾಮ್‌ಸಾರ್ ಪಟ್ಟಣದಲ್ಲಿ ೧೯೭೧ರಲ್ಲಿ ಆದ ಒಪ್ಪಂದದ ಪ್ರಕಾರ, ಜಗತ್ತಿಗೆ ಮುಖ್ಯವೆನಿಸಿದ ಜೌಗುನೆಲಗಳನ್ನು ಈ ಪಟ್ಟಿಯಲ್ಲಿ ದಾಖಲು ಮಾಡುವರು. ನಮ್ಮ ಮೈಸೂರಿಗೆ ಹತ್ತಿರದ ರಂಗನತಿಟ್ಟು ೨೦೨೨ರಲ್ಲಿಯೇ ಇದಕ್ಕೆ ಸೇರಿದೆ. ಅಘನಾಶಿನಿಯು ಸೇರಿದಾಗ ಭಾರತ ಸರ್ಕಾರದವರು ಪ್ರಕಟಿಸಿದ ವಿವರಣೆಯಲ್ಲಿ ಹಕ್ಕಿಗಳ ೬೬ ಜಾತಿಗಳೊಡನೆ, ಈ ಅಳಿವೆಯಿಂದ ಬದುಕುವ ೬,೦೦೦ದಿಂದ ೭,೫೦೦ ಕುಟುಂಬಗಳ ಮಾತೂ ಇದೆ. ಮೀನು, ಏಡಿ, ಸಿಗಡಿ, ಚಿಪ್ಪು, ಸಾಣಿಕಟ್ಟೆಯ ಉಪ್ಪು, ಕೊನೆಗೆ ಭತ್ತ, ಇಷ್ಟೂ ಆ ಒಂದೇ ನೀರಿನಿಂದ. ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಬಳಚು ಮುಂತಾದ ಚಿಪ್ಪುಮೀನುಗಳನ್ನೇ ವರ್ಷಕ್ಕೆ ಸುಮಾರು ೨೨,೦೦೦ ಟನ್ನುಗಳಷ್ಟು ಇಲ್ಲಿ ಆರಿಸುತ್ತಿದ್ದರು. ೨,೩೦೦ಕ್ಕೂ ಹೆಚ್ಚು ಮಂದಿ ಹೆಂಗಸರೂ ಗಂಡಸರೂ ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಅದರಿಂದ ಜೀವನ ಸಾಗಿಸುತ್ತಿದ್ದರು.

ಇದೇ ಜಿಲ್ಲೆಯ ಇನ್ನೊಂದು ನದಿಯಾದ ಶರಾವತಿಯ ಅನುಭವವು ಇಲ್ಲಿ ಯೋಚಿಸತಕ್ಕದ್ದಾಗಿದೆ. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದ ತರುವಾಯ, ವಿದ್ಯುಚ್ಛಕ್ತಿಯ ಯಂತ್ರಗಳಿಂದ ಹೊರಬಿದ್ದ ಸಿಹಿನೀರು ಬೇಸಗೆಯಲ್ಲಿಯೂ ಎಡೆಬಿಡದೆ ಹೊನ್ನಾವರದ ಅಳಿವೆಗೆ ಇಳಿಯತೊಡಗಿತು. ಸಿಹಿನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ನಮಗೆ ತೋರಬಹುದು. ಆದರೆ ಬೇಸಗೆಯಲ್ಲಿ ಉಪ್ಪೇರಬೇಕಾದ ನೀರು ಉಪ್ಪೇರದೆ ಹೋದುದರಿಂದ ಅಲ್ಲಿ ಚಿಪ್ಪುಮೀನುಗಳು ಬಹುಮಟ್ಟಿಗೆ ನಾಶವಾದುವು. ಮೀನಿನ ಜಾತಿಗಳೂ ಕಡಮೆಯಾದುವು. ನೀರಿನ ಮೊತ್ತವೊಂದನ್ನೇ ಲೆಕ್ಕಹಾಕಿ ಹೊತ್ತನ್ನು ಮರೆತವರು ಅಳಿವೆಯನ್ನು ಕೆಡಿಸಿದರು. ಕೊಯ್ಲಿನ ಮುಂಚಿನ ದಿನ ಗದ್ದೆಗೆ ನೀರು ತುಂಬಿಸಿದ ನೀರುಗಂಟಿಯನ್ನು ನಾವು ಹೊಗಳುವುದುಂಟೆ?

ಅಳಿವೆಯ ದಂಡೆಯಲ್ಲಿರುವ ತಗ್ಗಿನ ಭತ್ತದ ನೆಲಗಳಿಗೆ ಗಜನಿಯೆಂದು ಹೆಸರು. ಉಬ್ಬರದ ನೀರು ನುಗ್ಗದಂತೆ ಇವುಗಳ ಸುತ್ತಲೂ ಮಣ್ಣಿನ ಒಡ್ಡು. ಒಡ್ಡಿನಲ್ಲಿ ಹಲಗೆಗಳಿಂದ ಮುಚ್ಚಿ ತೆರೆಯುವ ತೂಬು. ಬೇಸಗೆಯ ಕೊನೆಗೆ ಇಳಿತವನ್ನು ನೋಡಿ ತೂಬಿನಿಂದ ಉಪ್ಪುನೀರನ್ನು ಹೊರಕ್ಕೆ ಬಸಿದು, ಮರಳಿ ಬಾರದಂತೆ ಹಲಗೆಯನ್ನು ಇಳಿಸುವರು. ನೆಲವು ಒಣಗಿ ಬಿರಿಯುತ್ತದೆ. ಜೂನ್ ತಿಂಗಳಿನಲ್ಲಿ ಬೀಳುವ ಮೊದಲ ಭಾರಿ ಮಳೆಗಳು ಆ ಬಿರುಕುಗಳಲ್ಲಿ ಇಳಿದು ಮಣ್ಣಿನ ಉಪ್ಪನ್ನು ಕರಗಿಸುತ್ತವೆ; ಆ ನೀರನ್ನೂ ಇಳಿತದಲ್ಲಿ ಹೊರಕ್ಕೆ ಬಿಡುವರು. ಹೀಗೆ ತೊಳೆದ ನೆಲದ ಮೇಲೆ ಮೊಳಕೆ ಕಟ್ಟಿದ ಕಗ್ಗ ಭತ್ತದ ಬೀಜವನ್ನು ಚೆಲ್ಲುವರು. ಕಗ್ಗವು ಆಳೆತ್ತರಕ್ಕೆ ಬೆಳೆಯುವ ತಳಿ. ಉಪ್ಪನ್ನು ಸಹಿಸುವುದಲ್ಲದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಮರಳಿ ಚೇತರಿಸಿಕೊಳ್ಳುತ್ತದೆ. ಗೊಬ್ಬರವನ್ನು ಹಾಕುವವರಿಲ್ಲ, ಹೊಳೆಯು ತಂದ ಮೆಕ್ಕಲೇ ಗೊಬ್ಬರ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನಿಂತಂತೆಯೇ ಬಿಡುವರು. ಆಮೇಲೆ ತೂಬನ್ನು ತೆರೆದರೆ ಉಬ್ಬರದೊಡನೆ ಮೀನಿನ ಮರಿಗಳೂ ಸಿಗಡಿಯ ಮರಿಗಳೂ ತಾವಾಗಿಯೇ ಒಳಗೆ ಬಂದು, ಆ ಕೊಳೆತ ಹುಲ್ಲಿನ ಆಶ್ರಯದಲ್ಲಿ ಬೇಸಗೆಯವರೆಗೆ ಬಲಿಯುತ್ತವೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಆಮೇಲೆ ಮೀನು. ಮೀನಿನ ಕೊಳೆ ಭತ್ತಕ್ಕೆ, ಭತ್ತದ ಹುಲ್ಲು ಮೀನಿಗೆ. ಹಕ್ಕಿಗಳು ಎರಡಕ್ಕೂ ಪಾಲುದಾರರು. ಇವರನ್ನು ಯಾರೂ ಕರೆದಿಲ್ಲವಾದರೂ ಬಂದಿದ್ದಾರೆ.

ಈ ಏರ್ಪಾಡಿನ ಪ್ರಾಣವಿರುವುದು ತೂಬಿನ ಹಲಗೆಯಲ್ಲಿ. ಗಜನಿಯ ಒಡ್ಡು ಒಬ್ಬನದಾಗಿರುವುದಿಲ್ಲ. ಒಂದು ಕಡೆ ಕೊರೆದರೆ ಹತ್ತಾರು ಹಿಡುವಳಿಗಳಿಗೆ ಉಪ್ಪುನೀರು ನುಗ್ಗುವುದು. ಹಿಂದೆ ರೈತರೇ ಕೂಡಿ ಒಡ್ಡಿಗೆ ಮಣ್ಣು ಹಾಕಿ, ತೂಬಿನ ಹೊತ್ತನ್ನೂ ಒಟ್ಟಾಗಿ ನಿಶ್ಚಯಿಸುತ್ತಿದ್ದರು. ಸಿಗಡಿಯ ಬೆಲೆ ಏರಿದಂತೆಲ್ಲ ತೂಬಿನ ಮೀನುಗಾರಿಕೆಯನ್ನು ಗೇಣಿಗೆ ಕೊಡುವ ರೂಢಿಯು ಬಲವಾಯಿತು. ಗೇಣಿದಾರನಿಗೆ ಬೇಕಾದುದು ಉಪ್ಪುನೀರು. ಅದು ಎಷ್ಟು ದಿನ ಹೆಚ್ಚು ನಿಂತರೆ ಅವನಿಗೆ ಅಷ್ಟು ಲಾಭ. ಮೇ ತಿಂಗಳಿನಲ್ಲಿ ಬಸಿಯಬೇಕಾದ ನೀರು ಜೂನ್ ಬಂದರೂ ನಿಂತಿದ್ದರೆ ನೆಲವು ಒಣಗದು, ಉಪ್ಪು ತೊಳೆಯದು, ಬಿತ್ತಿದ ಬೀಜ ಏಳದು. ಎರಡು ವರ್ಷ ಬೀಜ ಕಳೆದುಕೊಂಡವನು ಮೂರನೆಯ ವರ್ಷ ಬಿತ್ತುವುದನ್ನೇ ಬಿಡುವನು. ಗದ್ದೆಯು ಪಾಳು ಬಿದ್ದ ಮೇಲೆ ಒಡ್ಡಿನ ಚಿಂತೆ ಯಾರಿಗೆ? ಕೆಲವರು ಗಜನಿಯನ್ನು ಸಂಪೂರ್ಣವಾಗಿ ಸಿಗಡಿಯ ಕೊಳವಾಗಿಯೇ ಮಾರ್ಪಡಿಸಿದರು. ೧೯೯೪–೯೫ರ ಸುಮಾರಿಗೆ ಬಿಳಿಚುಕ್ಕೆ ರೋಗವು ಭಾರತದ ಕರಾವಳಿಗೆ ತಗುಲಿ ಸಿಗಡಿಯ ಕೊಳಗಳನ್ನು ಬರಿದುಮಾಡಿತು. ೧೯೯೬ನೆಯ ಇಸವಿ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಕೈಗಾರಿಕೆಯನ್ನು ನಿಷೇಧಿಸಿ, ಸಾಂಪ್ರದಾಯಿಕ ಹಾಗೂ ಸುಧಾರಿಸಿದ ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ವಿನಾಯಿತಿಯನ್ನು ಕೊಟ್ಟಿತು. ಆದರೆ ಪದ್ಧತಿಯಿಂದ ಭತ್ತವನ್ನು ಕಿತ್ತುಹಾಕಿ ಉಳಿದುದನ್ನು ಸಾಂಪ್ರದಾಯಿಕವೆಂದು ಕರೆಯುವುದು, ಎತ್ತನ್ನು ಮಾರಿ ನೊಗವನ್ನು ಪೂಜಿಸಿದಂತೆ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತನ್ನೂ ನಾವು ಕೇಳತಕ್ಕದ್ದು. ಕಗ್ಗದ ಇಳುವರಿ ಸ್ವಲ್ಪ. ಕೆಸರಿನಲ್ಲಿ ಎದೆಮಟ್ಟ ನಿಂತು ಕೊಯ್ಯುವ ಕೂಲಿಯವರು ಸಿಕ್ಕುವುದು ಕಷ್ಟ. ಸಿಗಡಿಯಿಂದ ಬರುವ ಹಣವು ಭತ್ತದಿಂದ ಬಾರದು. ಹೀಗಿರಲು ಹಕ್ಕಿಗಳಿಗೋಸ್ಕರವೋ ಪಟ್ಟಿಯ ಮರ್ಯಾದೆಗೋಸ್ಕರವೋ ಬಡರೈತನು ನಷ್ಟವನ್ನು ಅನುಭವಿಸಬೇಕೆನ್ನುವುದು ಯಾವ ನ್ಯಾಯ? ಈ ಪ್ರಶ್ನೆಯು ಸಾಧುವಾದುದೇ. ನಷ್ಟವನ್ನು ರೈತನ ತಲೆಗೆ ಕಟ್ಟಿ ಅಳಿವೆಯನ್ನು ರಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಭತ್ತದ ಲೆಕ್ಕವನ್ನು ಮೂಟೆಗಳಲ್ಲಿ ಮಾತ್ರ ಮಾಡಿದರೆ ಅದು ಅರೆಲೆಕ್ಕ. ಭತ್ತವಿದ್ದರೆ ಹುಲ್ಲು, ಹುಲ್ಲಿದ್ದರೆ ಮೀನಿಗೆ ಖರ್ಚಿಲ್ಲದ ಮೇವು. ವರ್ಷಕ್ಕೊಮ್ಮೆ ನೆಲ ಒಣಗಿ ಸಿಹಿನೀರಿನಲ್ಲಿ ತೊಳೆದರೆ ರೋಗದ ಸರಪಳಿಯು ಕಡಿಯುವುದು. ಬಿತ್ತುವವನಿದ್ದರೆ ಒಡ್ಡಿಗೆ ಕಾವಲು. ಇವುಗಳಿಗೆ ಬೆಲೆ ಕಟ್ಟುವವರು ಯಾರೂ ಇಲ್ಲವೆಂದ ಮಾತ್ರಕ್ಕೆ ಇವುಗಳಿಗೆ ಬೆಲೆಯಿಲ್ಲವೆಂದಾಗದು.

ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ “ಒಂದು ಭತ್ತ, ಒಂದು ಮೀನು” ಎಂಬ ನಿಯಮವುಂಟು. ಏಪ್ರಿಲ್ ೧೫ರಿಂದ ನವೆಂಬರ್ ೧೪ರವರೆಗೆ ಭತ್ತದ ಕಾಲ, ಮಿಕ್ಕ ಐದು ತಿಂಗಳು ಮೀನಿನ ಕಾಲ. ಪೊಕ್ಕಾಳಿ ಅಕ್ಕಿಗೆ ಭೌಗೋಳಿಕ ಗುರುತೂ ದೊರೆತಿದೆ. ಆದರೂ ಅಲ್ಲಿ ಭತ್ತದ ನೆಲವು ಕುಗ್ಗುತ್ತಲೇ ಬಂದಿರುವುದರಿಂದ, ನಿಯಮವನ್ನು ಬರೆದಿಟ್ಟರೆ ಸಾಲದೆಂಬುದು ಸ್ಪಷ್ಟ. ನೆರೆಯ ಗೋವೆಯ ಖಜಾನ್ ನೆಲಗಳಲ್ಲಿಯೂ ತೂಬಿನ ಮೀನಿನ ಹರಾಜಿನ ಆಸೆಯು ಒಡ್ಡಿನ ಕಾವಲನ್ನು ಸಡಿಲಿಸಿದ ಕಥೆಯೇ ಇದೆ. ನಿಯಮವನ್ನು ನಡೆಸುವ ಕೈ ಬಿತ್ತುವವನ ಕೈಯೇ ಆಗಿರಬೇಕು.

ಆದುದರಿಂದ ಅಳಿವೆಯ ರಕ್ಷಣೆಯು ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆಗಳವರದೇ ಕೆಲಸವೆಂದು ನಮ್ಮ ವ್ಯವಸಾಯ ಇಲಾಖೆಯು ದೂರದಲ್ಲಿ ನಿಲ್ಲುವುದು ಸರಿಯಲ್ಲ. ಕಗ್ಗದ ಶುದ್ಧವಾದ ಬೀಜವನ್ನು ಮಾಣಿಕಟ್ಟೆಯಂಥ ಊರುಗಳ ರೈತರು ತಮ್ಮ ಸಾಹಸದಿಂದ ಉಳಿಸಿಕೊಂಡು ಬಂದಿದ್ದಾರೆ. ಅದನ್ನು ಅವರಿಂದಲೇ ಒಳ್ಳೆಯ ಬೆಲೆಗೆ ಕೊಂಡು ಪಾಳು ಗಜನಿಗಳವರಿಗೆ ಹಂಚುವುದು ಇಲಾಖೆಗೆ ಅಸಾಧ್ಯವಲ್ಲ. ಗದ್ದೆಯನ್ನು ಬಿತ್ತಿದ ರೈತರ ಸಂಘಕ್ಕೇ ತೂಬಿನ ಹಕ್ಕಿರಬೇಕು. ಗೇಣಿಗೆ ಕೊಟ್ಟರೂ ಹಲಗೆಯ ಬೀಗದಕೈ ಸಂಘದಲ್ಲಿಯೇ ಉಳಿಯಬೇಕು. ಗೇಣಿಯ ಹಣದಲ್ಲಿ ಒಂದು ಪಾಲು ಒಡ್ಡಿನ ರಿಪೇರಿಗೆ ಮೊದಲೇ ತೆಗೆದಿಡಲ್ಪಡಬೇಕು. ಇದು ಹಳೆಯ ನೀರುಗಂಟಿಯ ಹುದ್ದೆಯೇ ಹೊರತು ಹೊಸದೇನೂ ಅಲ್ಲ. ವಂಶದಿಂದ ಬಾರದೆ ಊರವರ ಆಯ್ಕೆಯಿಂದ ಬಂದು, ಧಾನ್ಯದ ಬದಲು ಸಂಬಳವನ್ನು ಪಡೆಯಲಿ, ಅಷ್ಟೇ.

ಖಾರ್‌ಲ್ಯಾಂಡ್ ಒಡ್ಡುಗಳ ವಿಷಯದಲ್ಲಿ ಒಂದು ಮಾತು. ಮಣ್ಣಿನ ಒಡ್ಡು ಪ್ರತಿವರ್ಷವೂ ಕೈಗೆಲಸವನ್ನು ಬೇಡುತ್ತದೆಂದು ಸರ್ಕಾರದವರು ಕಲ್ಲಿನ, ಕಾಂಕ್ರೀಟಿನ ಒಡ್ಡುಗಳನ್ನು ಕಟ್ಟಿಸಿದ್ದಾರೆ. ರೈತರ ಬೇಡಿಕೆಯೂ ಅದೇ ಆಗಿರುತ್ತದೆ. ಗಟ್ಟಿಯಾದ ಒಡ್ಡು ಬೇಡವೆಂದು ನಾವು ಹೇಳಲಾರೆವು. ಆದರೆ ಮಣ್ಣಿನ ಒಡ್ಡನ್ನು ಅಲೆಯಿಂದ ಕಾಯುತ್ತಿದ್ದುದು ಹೊರಮಗ್ಗುಲಿನ ಕಾಂಡ್ಲಾ ಗಿಡಗಳ ಬೇರು. ಕಲ್ಲು ಬಂದಿತೆಂದು ಕಾಂಡ್ಲಾವನ್ನು ಕಡಿದರೆ ಮೀನಿನ ಮರಿಗಳ ತೊಟ್ಟಿಲನ್ನು ಕಡಿದಂತಾಗುವುದು. ಕಲ್ಲಿನ ಬುಡವೂ ಕೊರೆಯುವುದು. ಇದಕ್ಕೆ ವಿರುದ್ಧವಾಗಿ, ಪಾಳು ಬಿದ್ದ ಗಜನಿಯ ಒಳಗೆ ಕಾಂಡ್ಲಾ ಬೆಳೆದು, ಅದನ್ನು ಮುಟ್ಟಕೂಡದೆಂದು ಕಾನೂನಾದರೆ, ಭತ್ತವು ಎಂದೆಂದಿಗೂ ಹಿಂದಿರುಗದು. ಕಾಂಡ್ಲಾವು ಒಡ್ಡಿನ ಹೊರಗೆ, ಕಗ್ಗವು ಒಳಗೆ: ನಕ್ಷೆಯಲ್ಲಿ ಈ ಗೆರೆಯನ್ನು ಸ್ಥಳದ ರೈತರನ್ನು ಕೂರಿಸಿಕೊಂಡು ಈಗಲೇ ಎಳೆಯುವುದು ಒಳ್ಳೆಯದು.

ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ ೪,೦೦೦ ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು ಜನರ ವಿರೋಧದಿಂದ ನಿಂತಿತು. ಅಘನಾಶಿನಿಯ ನೀರನ್ನು ಘಟ್ಟದ ಮೇಲಿನಿಂದಲೇ ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾವವೂ ಕೇಳಿಬಂದಿದೆ. ಚಿತ್ರದುರ್ಗದ ಸೀಮೆಯ ಬಾಯಾರಿಕೆ ಸುಳ್ಳಲ್ಲ. ಅಲ್ಲಿಯ ರೈತನೂ ನಮ್ಮ ವಾಚಕನೇ. ಆದರೆ ಮಳೆಗಾಲದ ನೀರು ಗಜನಿಯ ಉಪ್ಪನ್ನು ತೊಳೆಯುವ ನೀರು, ಮೆಕ್ಕಲನ್ನು ಹೊರುವ ನೀರು. ಅದರಲ್ಲಿ ಎಷ್ಟನ್ನು, ಯಾವ ತಿಂಗಳಿನಲ್ಲಿ ತೆಗೆದರೆ ಕುಮಟೆಯ ಬೀಜ ಏಳುವುದು, ಎಷ್ಟನ್ನು ತೆಗೆದರೆ ಏಳದೆ ಹೋಗುವುದು ಎಂಬ ಲೆಕ್ಕವನ್ನು ವ್ಯವಸಾಯ ಇಲಾಖೆಯವರು ಇಡದಿದ್ದರೆ ಇನ್ನಾರು ಇಡಬೇಕು? “ವ್ಯರ್ಥ” ಎಂಬ ಪದವನ್ನು ಆ ಲೆಕ್ಕವಾಗುವವರೆಗೆ ಯಾವ ವರದಿಯಲ್ಲಿಯೂ ಬರೆಯದಿರುವುದು ಉಚಿತ.

ಗಜನಿಯ ಭತ್ತದ ಕೊಯ್ಲು ಅಕ್ಟೋಬರದ ಸುಮಾರಿಗೆ ಮುಗಿದು, ಮೀನಿನ ಗೇಣಿಯ ಮಾತುಕತೆಗಳು ಆಗಲೇ ಮೊದಲಾಗುತ್ತವೆ. ಮುಂದಿನ ಮೇ ತಿಂಗಳ ಯಾವ ದಿನದಂದು ನೀರನ್ನು ಬಸಿದು ಹಲಗೆಯನ್ನು ಇಳಿಸಬೇಕೆಂಬ ತಾರೀಖನ್ನು ಕರಾರಿನ ಕಾಗದದಲ್ಲಿ ಬರೆಯಿಸುವುದಕ್ಕೆ ಅದೇ ಹೊತ್ತು. ಕಾಗದಕ್ಕೆ ರುಜು ಬಿದ್ದ ಮೇಲೆ ಹೋದ ಅಧಿಕಾರಿಗೆ ಮುಂದಿನ ವರ್ಷದವರೆಗೆ ಕೆಲಸವಿರುವುದಿಲ್ಲ.