ಕಾಲೇಜಿಗೊಬ್ಬ ಸಲಹೆಗಾರರನ್ನು ಕೊಡಿ

ಮಾನ್ಯ ನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ (ಪದವಿಪೂರ್ವ), ಬೆಂಗಳೂರು



ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಆಗುವ ಆಸೆಯಿಂದ ಪ್ರತಿವರ್ಷ ಎಷ್ಟೋ ಮಕ್ಕಳು ಸೈನ್ಸ್ ಸೇರುತ್ತಾರೆ. ಅವರನ್ನು ಕೂರಿಸಿಕೊಂಡು ಸಲಹೆ ಹೇಳುವುದು ಯಾರ ಕೆಲಸ ಎಂಬುದು ಮಾತ್ರ ನಮ್ಮಂಥ ಕಾಲೇಜುಗಳಲ್ಲಿ ನಿಗದಿಯಾಗಿಲ್ಲ. ಹೀಗಾಗಿ ಆ ಕೆಲಸ ಸೈಬರ್ ಸೆಂಟರಿನವರ ಕೈಗೂ ಏಜೆಂಟರ ಕೈಗೂ ಹೋಗಿದೆ.

2025ರಲ್ಲಿ ದೇಶದಾದ್ಯಂತ 22 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳಿದ್ದದ್ದು ಸುಮಾರು 1.2 ಲಕ್ಷ. ಸಾಮಾನ್ಯ ವರ್ಗದವರಿಗೆ 720ಕ್ಕೆ 144 ಅಂಕ ಬಂದರೂ ಅರ್ಹತೆ ಸಿಕ್ಕಿತು, ಆದರೆ ಅದು ಸರ್ಕಾರಿ ಸೀಟಿನ ಹತ್ತಿರಕ್ಕೂ ಸುಳಿಯದ ಅಂಕ. ಇದನ್ನು ಬಿಡಿಸಿ ಹೇಳುವವರಿಲ್ಲದ ಮನೆಯಲ್ಲಿ ರಿಸಲ್ಟ್ ದಿನ ಪೇಡೆ ಹಂಚುತ್ತಾರೆ. ಕೌನ್ಸೆಲಿಂಗ್ ಹೊತ್ತಿಗೆ ಹೊಲ ಮಾರುವ ಮಾತು ಬರುತ್ತದೆ. ಇಲ್ಲವೇ ಲಾಂಗ್ ಟರ್ಮ್ ಕೋಚಿಂಗ್, ಒಂದು ವರ್ಷ, ಮತ್ತೊಂದು ವರ್ಷ. ಮತ್ತೆ ಬರೆಯುವುದು ತಪ್ಪೇನಲ್ಲ. 450 ಬಂದ ಹುಡುಗಿಗೆ ಇನ್ನೊಂದು ವರ್ಷ ಓದಮ್ಮ ಎನ್ನಲು ನನಗೆ ಧೈರ್ಯವಿದೆ. 160 ಬಂದವನಿಗೂ ಅದೇ ಮಾತು ಹೇಳುವುದು ಅನ್ಯಾಯ. ಫೀಸು ತೆಗೆದುಕೊಳ್ಳುವವರು ಈ ವ್ಯತ್ಯಾಸ ಹೇಳುವುದು ಕಷ್ಟ. ಹೇಳಬೇಕಾದವರು ಮೇಷ್ಟರು.

ಅಂಕವಿದ್ದೂ ಕಾಗದಪತ್ರಕ್ಕೆ ಸೋಲುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ನಮ್ಮ ಮಕ್ಕಳಿಗೇ ಸಲ್ಲಬೇಕು. ಆದರೆ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿಯ ಜೊತೆಗೆ ಬಿಇಒ ಮೇಲುಸಹಿ ಬೇಕು. 371(ಜೆ) ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಹೊಂದಬೇಕು. ಐದರವರೆಗೆ ಒಂದು ಶಾಲೆ, ಆಮೇಲೆ ಅಜ್ಜಿಯ ಊರಿನಲ್ಲಿ ಇನ್ನೊಂದು ಶಾಲೆ ಎಂದಾದರೆ ಎರಡು ಬಿಇಒ ಕಚೇರಿಗಳಿಗೆ ಅಲೆಯಬೇಕು. ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹೊರಟರೆ ಶಾಲೆಗೆ ಬೇಸಿಗೆ ರಜೆ. ಹತ್ತು ವರ್ಷ ಊರಿನ ಕನ್ನಡ ಶಾಲೆಯಲ್ಲೇ ಓದಿದ ಒಬ್ಬ ಹುಡುಗಿಯ ಅರ್ಜಿಯ ಪ್ರಿಂಟ್ ನೋಡಿದೆ. ಕನ್ನಡ ಮಾಧ್ಯಮ ಎಂಬಲ್ಲಿ ‘ಇಲ್ಲ’ ಎಂದಿತ್ತು. ಸೈಬರ್ ಸೆಂಟರಿನಲ್ಲಿ ಹಿಂದೆ ಕ್ಯೂ ಇತ್ತಂತೆ, ಅರ್ಜಿ ತುಂಬುತ್ತಿದ್ದ ಹುಡುಗ ಕೇಳಲಿಲ್ಲ, ಇವಳಿಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಪ್ರಥಮ ಪಿಯುಸಿಯ ದಸರಾ ರಜೆಗೆ ಮೊದಲೇ ಒಂದು ಪಟ್ಟಿ ಕೈಗಿಟ್ಟು ಒಮ್ಮೆ ವಿಚಾರಿಸಿದ್ದರೆ ಸಾಕಿತ್ತು. ನೀಟ್ ಅನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು, ಆ ಪ್ರಶ್ನೆಪತ್ರಿಕೆಯಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ ಎಂಬುದು ಸಹ ಎಷ್ಟೋ ಮಕ್ಕಳಿಗೆ ತಿಳಿದಿಲ್ಲ.

ಸರ್ಕಾರಿ ಕಾಲೇಜಿನ ಮಕ್ಕಳಿಗೆ ಉಚಿತ ಕೋಚಿಂಗ್ ಕೊಡಿಸುವ ಪ್ರಯತ್ನಗಳು ನಡೆದಿವೆ, ಸಂತೋಷ. ಆದರೆ ಕೋಚಿಂಗ್ ಬೇರೆ, ಸಲಹೆ ಬೇರೆ. ಕೋಚಿಂಗ್ ಕಲಿಸುವುದು ಪರೀಕ್ಷೆ ಬರೆಯುವುದನ್ನು. ಯಾವ ಕೆಲಸ ತನ್ನ ಮನಸ್ಸಿಗೆ, ಮನೆಯ ಪರಿಸ್ಥಿತಿಗೆ ಒಗ್ಗುತ್ತದೆ ಎಂದು ತಿಳಿಯಬೇಕಾದರೆ ಆ ಕೆಲಸವನ್ನು ಕಣ್ಣಾರೆ ನೋಡಬೇಕು. ನಮ್ಮ ಮಕ್ಕಳನ್ನು ಒಮ್ಮೆ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕಕ್ಕೆ ಕರೆದುಕೊಂಡು ಹೋಗಿದ್ದೆ. ಟೆಕ್ನಿಷಿಯನ್ ರೋಗಿಯ ತೋಳಿನ ಫಿಸ್ಟುಲಾ ಮೇಲೆ ಬೆರಳಿಟ್ಟು ಮಿಡಿತ ನೋಡಿ, ಸೂಜಿ ಚುಚ್ಚಿ, ಮೆಷೀನ್ ಶುರುಮಾಡಿದರು. ಸುಮಾರು ನಾಲ್ಕು ತಾಸು ಆ ರೋಗಿ ಅವರ ಸುಪರ್ದಿ. ಮಧ್ಯೆ ಬಿಪಿ ಇಳಿದರೆ ಮೊದಲು ಓಡಿಬರುವವರೂ ಅವರೇ. ನಮ್ಮ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು, “ಸರ, ಇದಕ್ಕೂ ನೀಟ್ ಬರೀಬೇಕೇನ್ರಿ?” ಅವರು, “ಇಲ್ಲವಾ, ನಾ ಪಿಯುಸಿ ಮಾರ್ಕ್ಸ್ ಮ್ಯಾಲೆ ಸೇರಿದ್ದೆ” ಎಂದರು. ಅಂಥ ಓದು ಇದೆ ಎಂದು ಅವಳಿಗೆ ಗೊತ್ತಾದದ್ದೇ ಆವತ್ತು.

ಅನಸ್ತೇಷಿಯಾ, ಲ್ಯಾಬ್, ಇಮೇಜಿಂಗ್, ಆಪ್ಟೊಮೆಟ್ರಿ, ಹೀಗೆ ಓದುಗಳು ಬೇಕಾದಷ್ಟಿವೆ. ಬಿ.ಫಾರ್ಮ, ಫಾರ್ಮ್.ಡಿಗೆ ಸಿಇಟಿ ಸಾಕು. ಮಾತು ಮತ್ತು ಶ್ರವಣದ ಚಿಕಿತ್ಸೆ ಕಲಿಸುವ, 1965ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ, ಅದರ ಪ್ರವೇಶ ಪರೀಕ್ಷೆ ಬೇರೆ. 2021ರಲ್ಲಿ ಡಯಾಲಿಸಿಸ್, ಲ್ಯಾಬ್‌ನಂಥ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಿವೆ. ಹೋದ ವರ್ಷ ಹೇಳಿದ್ದು ಈ ವರ್ಷಕ್ಕೆ ನಡೆಯದೆ ಹೋಗಬಹುದು. ಆದ್ದರಿಂದಲೇ ಪ್ರತಿವರ್ಷ ಹೊಸ ಮಾಹಿತಿ ಇಟ್ಟುಕೊಳ್ಳುವ ಒಬ್ಬರು ಕಾಲೇಜಿನಲ್ಲಿ ಬೇಕು. ಇಲ್ಲದಿದ್ದರೆ ನರ್ಸಿಂಗ್ ಸೀಟು ಕೊಡಿಸುತ್ತೇನೆಂದು ಮನೆಬಾಗಿಲಿಗೆ ಬರುವ ಏಜೆಂಟರನ್ನು ತಂದೆತಾಯಿ ನಂಬುತ್ತಾರೆ, ಮೂಲ ಅಂಕಪಟ್ಟಿಯನ್ನೂ ಕೈಗಿಡುತ್ತಾರೆ. ಆ ನರ್ಸಿಂಗ್ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಫೋನಿನಲ್ಲಿ ಕೆಲವೇ ನಿಮಿಷದ ಕೆಲಸ. ನೋಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನಾನು ಹೊಸ ಹುದ್ದೆ ಕೇಳುತ್ತಿಲ್ಲ. ಸೈನ್ಸ್ ಇರುವ ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಈ ಜವಾಬ್ದಾರಿಯನ್ನು ಆದೇಶದ ಮೂಲಕ ವಹಿಸಿ. ವಾರಕ್ಕೆ ಎರಡು ಪಿರಿಯಡ್‌ಗಳನ್ನು ಅವರ ಕಾರ್ಯಭಾರದಲ್ಲೇ ಲೆಕ್ಕಕ್ಕೆ ಹಿಡಿಯಿರಿ. ಕಾರ್ಯಭಾರಕ್ಕೆ ಸೇರದಿದ್ದರೆ ಈ ಕೆಲಸ ಉತ್ಸಾಹವಿದ್ದವರ ಪುಕ್ಕಟೆ ಸೇವೆಯಾಗಿ ಎರಡು ವರ್ಷಕ್ಕೆ ನಿಂತುಹೋಗುತ್ತದೆ. ಸೀಟು ಹಂಚುವ ಕೆಇಎ ಅಧಿಕಾರಿಗಳಿಂದ ವರ್ಷಕ್ಕೊಮ್ಮೆ ಜಿಲ್ಲಾ ಮಟ್ಟದಲ್ಲಿ ಅವರಿಗೆ ತರಬೇತಿ ಕೊಡಿಸಿ. ಪ್ರಥಮ ಪಿಯುಸಿಯವರಿಗೆ ವರ್ಷದಲ್ಲಿ ಒಂದು ದಿನ ಸರ್ಕಾರಿ ಆಸ್ಪತ್ರೆ ತೋರಿಸಲು ಆರೋಗ್ಯ ಇಲಾಖೆಯೊಂದಿಗೆ ಮಾತಾಡಿ. ಈ ಆದೇಶ ಜೂನ್‌ಗೆ ಮೊದಲು ಬಂದರೆ, ಹೊಸದಾಗಿ ಸೇರುವ ಮಕ್ಕಳ ಕಾಗದಪತ್ರದ ಪಟ್ಟಿಯನ್ನು ಮೊದಲ ವಾರದಲ್ಲೇ ಕೈಗೆತ್ತಿಕೊಳ್ಳಬಹುದು. ನಮ್ಮ ಜಿಲ್ಲೆಯ ತರಬೇತಿಗೆ ಬೇಕಾದ ತಯಾರಿಗೆ ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಜೀವಶಾಸ್ತ್ರ ಉಪನ್ಯಾಸಕ