ಹಣ್ಣು ನಮ್ಮೂರದ್ದು, ಘಮ ಯಾಕೆ ಅಮೆರಿಕದ್ದು?

(1/4)
ಫೋಟೊ ನೋಡಿ. ಬಂದಳಿಕೆಯಿಂದ ಆನವಟ್ಟಿ ಕಡೆ ಹೋಗೋ ರಸ್ತೆ ಬದಿಯ ಅನಾನಸ್ ರಾಶಿ. ಗಾಡಿ ಬರೋದು ಎರಡು ದಿನ ತಡವಾದ್ರೆ ಅಡಿಯ ಹಣ್ಣು ರಸ ಬಿಡೋಕೆ ಶುರು. ಅದೇ ಹೊತ್ತಿಗೆ ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್: ಮನೆಯಲ್ಲೇ ಬಿಯರ್ ಮಾಡಿ, 'ಸಿಟ್ರಾ' ಹಾಪ್ ಹಾಕಿದ್ರೆ ಮಾವು, ಲಿಚಿ ಘಮ ಬರುತ್ತಂತೆ! ಕೆಳಗೆ ಸಾಲು ಸಾಲು ಬೆಂಕಿ ಎಮೋಜಿ. ಮಾರಾಯ್ರೇ, ಹಣ್ಣಿನ ವಾಸನೆ ಬೇಕು, ಹಣ್ಣು ಬೇಡ್ವಾ?

(ನಾನು ಕುಡಿಯಲ್ಲ. ಅತ್ತೆ ಈ ಅಕೌಂಟ್ ಫಾಲೋ ಮಾಡ್ತಾರೆ, ಅದಕ್ಕೆ ಹೇಳ್ತಿದೀನಿ. ಬಿಕಾಂನವನು, ಲೆಕ್ಕ ಹಾಕ್ತೀನಿ ಅಷ್ಟೇ.)

(2/4)
ಹಾಪ್ ಅಂದ್ರೆ ಒಂದು ಬಳ್ಳಿಯ ಹೂವು. ಬಿಯರ್‌ಗೆ ಕಹಿ ಕೊಡುತ್ತೆ, ಬೇಗ ಕೆಡದ ಹಾಗೆ ಕಾಯುತ್ತೆ. ಅದಕ್ಕೆ ಬೇಸಿಗೆಯ ಉದ್ದ ಹಗಲು ಬೇಕು. ನಮ್ಮ ದೇಶದಲ್ಲಿ ಬೆಳೆಯೋದು ಹಿಮಾಚಲದ ಲಾಹೌಲ್ ಕಡೆ. ಸಿಟ್ರಾ ಅಂತೂ ಅಮೆರಿಕದ ಹಾಪ್ ಬ್ರೀಡಿಂಗ್ ಕಂಪನಿಯ ಪೇಟೆಂಟ್ ತಳಿ. ದುಡ್ಡಿದ್ರೂ ಸುಮ್ಮನೆ ತಂದು ನೆಡೋ ಹಾಗಿಲ್ಲ. ಅನಾನಸ್ ಕಂದು ಬೇಕಾ? ಪಕ್ಕದ ತೋಟದಲ್ಲಿ ಕೇಳಿ, ಕೊಡ್ತಾರೆ.

(3/4)
'ಹಣ್ಣು ಹಾಕಿದ್ರೆ ಬಿಯರ್ ಕೆಡುತ್ತೆ' ಅಂತ ಒಬ್ಬ ವಾದಕ್ಕೆ ಬಂದ. ಅರ್ಧ ನಿಜ. ಹಣ್ಣಿನ ಸಕ್ಕರೆಯನ್ನ ಯೀಸ್ಟ್ ತಿಂದುಬಿಡುತ್ತೆ, ಹುಳಿ ಉಳಿಯುತ್ತೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅಂತ ಒಂದು ಕಿಣ್ವ ಇದೆ. ಜಾಸ್ತಿ ತಿಂದಾಗ ನಾಲಿಗೆ ಉರಿಯುತ್ತಲ್ಲ, ಅದರಲ್ಲಿ ಇದರ ಪಾಲೂ ಇದೆ. ಅದು ಪ್ರೋಟೀನ್ ಒಡೆಯುತ್ತೆ, ಬಿಯರ್ ನೊರೆ ನಿಲ್ಲಲ್ಲ. ಆದ್ರೆ ತಿರುಳನ್ನ ಚೆನ್ನಾಗಿ ಬಿಸಿ ಮಾಡಿದ್ರೆ ಆ ಕಿಣ್ವದ ಆಟ ಮುಗೀತು. ಮೊದಲ ಹುದುಗು ಇಳಿದ ಮೇಲೆ ಹಾಕಿದ್ರೆ ಘಮವೂ ಹೆಚ್ಚು ಉಳಿಯುತ್ತೆ. ಕಹಿಗೆ ಹಾಪ್ ಬೇಕೇ ಬೇಕು, ಒಪ್ತೀನಿ. 1972ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನೆಯಿಂದ ಬಂದ ಕ್ಯಾಸ್ಕೇಡ್ ಇದೆ, ಅದಕ್ಕೆ ಒಡೆಯರಿಲ್ಲ.

(4/4)
ಇನ್ನು ರೀಲ್ ಹೀರೋಗಳೇ, ಕರ್ನಾಟಕ ಅಬಕಾರಿ ಕಾಯ್ದೆ 1965ರಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬಕೆಟ್ ಚಿಕ್ಕದು ಅಂತ ಬಿಡಲ್ಲ. ಅಮೆರಿಕದಲ್ಲಿ 1978ರಲ್ಲಿ ಮನೆ ಬಿಯರ್‌ಗೆ ಅನುಮತಿ ಕೊಟ್ರು. ಹಾಗೆ ಮನೆಯಲ್ಲಿ ಕಲಿತವರೇ ಮುಂದೆ ಎಷ್ಟೋ ಸಣ್ಣ ಬ್ರೂವರಿ ತೆರೆದದ್ದು, ಸಿಟ್ರಾಗೆ ಗಿರಾಕಿ ಆದದ್ದು. ನೀವು ಪೆಲೆಟ್ ಬಗ್ಗೆ ಜಗಳ ಆಡ್ತೀರಿ, ಈ ಕಾನೂನಿನ ಬಗ್ಗೆ ಒಬ್ಬರೂ ಉಸಿರೆತ್ತಲ್ಲ.

ಸದ್ಯಕ್ಕೆ ಲೈಸೆನ್ಸ್ ಇರೋದು ಬೆಂಗಳೂರಿನಂಥ ಊರಿನ ಮೈಕ್ರೊಬ್ರೂವರಿಗಳಿಗೆ. ಅಲ್ಲಿ ಕೆಲಸಕ್ಕಿರೋ ಸೀನಿಯರ್‌ಗಳೇ, ಮೆನುವಲ್ಲಿ 'ಟ್ರಾಪಿಕಲ್' ಅಂತ ಕಂಡ್ರೆ ಒಂದೇ ಮಾತು ಕೇಳಿ: ಇದರಲ್ಲಿ ಹಣ್ಣಿದೆಯಾ, ಇದ್ರೆ ಯಾವ ಊರಿಂದು? ಏನಂದ್ರು ಅಂತ ನಂಗೆ ಮೆಸೇಜ್ ಹಾಕಿ. ಗಾಡಿ ಇವತ್ತೂ ಬಂದಿಲ್ಲ.

#ಬಂದಳಿಕೆ #ಸೊರಬ #ಅನಾನಸ್